ಒದರಲು ಬಾರದವಳ ಬೆಂಕಿ ತಾಲೀಮು

ಬೆಂಕಿಯ ಅಣಕು ತಾಲೀಮು ಮಾಡಿಸುವವರ ಬದುಕೇ ಹೀಗೆ: ಬೆಂಕಿ ಸುಳ್ಳು, ಫಜೀತಿ ಮಾತ್ರ ಖರೆ.

ಅಪಾಯ ಬಂದಾಗ ಹೇಗೆ ಹೊರಗೆ ಬರಬೇಕೆಂದು ಅಂಗವಿಕಲರಿಗೂ ಅವರ ನೆರೆಹೊರೆಯವರಿಗೂ ಊರೂರು ತಿರುಗಿ ಕಲಿಸುವುದು ನಮ್ಮ ಸಂಸ್ಥೆಯ ಕೆಲಸ. ನಾನೋ ಇಂಗ್ಲಿಷ್ ಮೀಡಿಯಂ ಹುಡುಗಿ, ದನಿಯೂ ಬಲು ಸಣ್ಣದು. ಸಾಲಿಯಲ್ಲಿ ಹಾಜರಿ ಕೂಗಿದಾಗಲೂ ಪಕ್ಕದವಳೇ ನನ್ನ ಪರವಾಗಿ "ಪ್ರೆಸೆಂಟ್" ಅನ್ನುತ್ತಿದ್ದಳು. ಕೆಲಸಕ್ಕೆ ಸೇರಿದ ದಿನ ಸಂಸ್ಥೆ ನಡೆಸುವ ಮೇಡಂ "ಬೆಂಕಿ ಅಂತ ಒದರು" ಎಂದರು. ನನ್ನ ಬಾಯಿಂದ ಬಂದದ್ದು, "ಎಕ್ಸ್‌ಕ್ಯೂಸ್ ಮಿ, ಬೆಂಕಿ..."

ಮೇಡಂ ಹಣೆ ಚಚ್ಚಿಕೊಂಡರು. "ಬಾಗಲಕೋಟಿ ಕಾರ್ಯಕ್ರಮದಾಗ ನೀನ ಒದರಬೇಕು. ಆಗಲಿಲ್ಲಂದ್ರ ಆಫೀಸಿನ್ಯಾಗ ಕಂಪ್ಯೂಟರ್ ಮುಂದ ಕುಂದರು."

ನನಗೆ ಈ ತಿರುಗಾಟದ ಕೆಲಸವೇ ಬೇಕಿತ್ತು. ದಿನಾ ಬಚ್ಚಲಲ್ಲಿ ನಳ ಬಿಟ್ಟುಕೊಂಡು "ಬೆಂಕಿ, ಬೆಂಕಿ" ಎಂದು ಒದರಿ ನೋಡಿದೆ. ಹೊರಗಿನಿಂದ ಅವ್ವ ಕೇಳಿದಳು, "ಯಾಕವಾ, ನೀರು ಭಾಳ ಕಾದಾವೇನು?"

ಬಾದಾಮಿ: ಮೊದಲು ಯಾರು?

ಬೆಂಕಿ ಬಿತ್ತೆಂಬ ಗುರುತಿಗೆ ಮೇಡಂ ಸೀಟಿ ಊದಿದರು. ಬಾಗಿಲಿಗೆ ಮೊದಲು ಮುಟ್ಟಿದವರು ಇಬ್ಬರು: ಊರುಗೋಲು ಹಿಡಿದ ನಿವೃತ್ತ ಮಾಸ್ತರು, ಕಣ್ಣು ಕಾಣದ ಅಂಗಡಿ ಚಾಚಾ.

"ನೀವು ಮುಂದ ಹೋಗ್ರಿ ಮಾಸ್ತರ."

"ಛೇ ಛೇ, ನೀವು ಹಿರಿಯಾರು. ನಡೀರಿ ಚಾಚಾ."

"ಕಲಿಸಿದೋರ ಮುಂದ ನಾ ಹೆಂಗ ನಡೀಲ್ರಿ?"

ಇಬ್ಬರೂ ಬಾಗಿಲಲ್ಲೇ ನಿಂತರು. ಹಿರಿಯರನ್ನು ದಾಟಿ ಹೋಗುವುದುಂಟೇ? ಹಿಂದಿನ ಸಾಲೂ ಹಾಗೇ ನಿಂತಿತು.

"ಅಲ್ರಿ, ಬೆಂಕಿ ಹತ್ತೇತಿ!" ಎಂದು ಮೇಡಂ ಚೀರಿದರು.

ಮಾಸ್ತರು ಊರುಗೋಲು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟರು. "ಹಂಗಾರ ನೀವ ಮೊದಲ ಹೋಗ್ರಿ ಮೇಡಂ. ಪರ ಊರಿಂದ ಬಂದೀರಿ."

ಇಳಕಲ್: ಎಳೆ ತಪ್ಪಬಾರದು

ಇಲ್ಲಿ ತಾಲೀಮು ನೇಕಾರರ ಮನೆಯಲ್ಲೇ. ಕಾಲು ಸೋತ ಕಾಕಾ ಒಬ್ಬರು ಸೀರೆಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಜೋಡಿಸುತ್ತ ಕುಳಿತಿದ್ದರು. ಅವರನ್ನು ಎತ್ತಿ ತರಲು ಓಣಿಯ ಇಬ್ಬರು ಗಟ್ಟಿ ಆಳುಗಳು ಕುರ್ಚಿ ಹಿಡಿದು ಒಳಗೆ ಓಡಿದರು.

"ಏಳ್ರಿ ಕಾಕಾ, ಬೆಂಕಿ!"

ಕಾಕಾ ತಲೆ ಎತ್ತಲಿಲ್ಲ. "ಬೆಂಕಿಗೆ ಸ್ವಲ್ಪ ನಿಲ್ಲಾಕ ಹೇಳ್ರಿ. ಸೆರಗು ಅರ್ಧಾ ಆಗೇತಿ."

ಬಹಳ ಹೊತ್ತಾದರೂ ಯಾರೂ ಹೊರಗೆ ಬರಲಿಲ್ಲ. ನಾನು ಒಳಗೆ ಇಣುಕಿದೆ. ಕುರ್ಚಿ ಖಾಲಿ. ಎತ್ತಲು ಹೋದವರಿಬ್ಬರೂ ಕಾಕಾನ ಆಚೆ ಈಚೆ ಎಳೆ ಹಿಡಿದು ಕುಳಿತಿದ್ದರು.

ಹುನಗುಂದ: ಕೇಳಿ ಮುಟ್ಟಿರಿ

"ಅಂಗವಿಕಲರನ್ನ ಜಗ್ಗಬ್ಯಾಡ್ರಿ. 'ಹೆಂಗ ಸಹಾಯ ಮಾಡ್ಲಿ?' ಅಂತ ಮೊದಲ ಕೇಳ್ರಿ," ಎಂದು ಮೇಡಂ ಕಲಿಸಿದ್ದರು. ಸೀಟಿ ಬಿದ್ದೊಡನೆ ಪಕ್ಕದ ಮನೆಯಾತ ಕಣ್ಣು ಕಾಣದ ಅಜ್ಜಿಯ ಹತ್ತಿರ ಓಡಿ, ವಿನಯದಿಂದ ಕೇಳಿದ. "ಆಯಿ, ಹೆಂಗ ಸಹಾಯ ಮಾಡ್ಲಿ?"

ಅಜ್ಜಿ ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಇಷ್ಟು ವರ್ಷದಾಗ ಇವತ್ತರ ಕೇಳಿದೆಲ್ಲಪಾ! ಮೊಮ್ಮಗಳಿಗೆ ಒಂದು ಛಲೋ ವರ ನೋಡು."

ಅವನೂ ಬೆಂಕಿ ಮರೆತ. "ನಮ್ಮ ಮಾವನ ಮಗ ಒಬ್ಬಾಂವ ಅದಾನ್ ನೋಡ್ರಿ..."

ನಮ್ಮ ತಾಲೀಮಿನ ಲೆಕ್ಕದಲ್ಲಿ ಇಬ್ಬರೂ ಸುಟ್ಟುಹೋದರು. ಮದುವೆ ಮಾತು ಮಾತ್ರ ಪಕ್ಕಾ ಆಯಿತು.

ಬಾಗಲಕೋಟೆ: ನನ್ನ ಸರದಿ

ಕೊನೆಗೂ ಆ ದಿನ ಬಂತು. ವೇದಿಕೆ ತುಂಬ ಸಾಹೇಬರು. ಕೆಳಗೆ ಕಣ್ಣು ಕಾಣದವರು, ಗಾಲಿಕುರ್ಚಿಯವರು, ಕಿವಿ ಕೇಳದವರು. ಕಿವಿ ಕೇಳದವರಲ್ಲಿ ಹೊಲಿಗೆ ಕೆಲಸದ ಅಕ್ಕ ಒಬ್ಬಳು ನನ್ನ ಗೆಳತಿ. ನನಗೆ ಕೈಸನ್ನೆಯ ಮಾತು ಕಲಿಸಿದವಳು. ದನಿ ಬೇಡದ ಭಾಷೆ ತಾನೇ, ನನಗೆ ಬೇಗ ಬಂದಿತ್ತು.

ದೊಡ್ಡ ಸಾಹೇಬರು ಹಾಳೆ ನೋಡಿ ಭಾಷಣ ಓದುತ್ತಿದ್ದರು. ನಡುವೆ ಮೇಡಂ ನನಗೆ ಒದರೆಂದು ಕಣ್ಸನ್ನೆ ಮಾಡಿದರು. ನಾನು ಎದ್ದು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಒದರಿದೆ: "ಬೆಂಕಿ." ತಲೆಯ ಮೇಲಿನ ಫ್ಯಾನ್ ಅದನ್ನು ನುಂಗಿ ತಿರುಗುತ್ತಲೇ ಇತ್ತು.

ಮೇಡಂ ಮುಖದಲ್ಲಿ ನನಗೆ ಕಂಪ್ಯೂಟರ್ ಕಾಣಿಸಿತು. ಗಾಬರಿಯಲ್ಲಿ, ಕಿವಿ ಕೇಳದವರನ್ನು ಎಚ್ಚರಿಸಲು ಅಕ್ಕ ಕಲಿಸಿದ್ದಂತೆ, ಗೋಡೆಯ ಸ್ವಿಚ್ ಒತ್ತಿ ದೀಪ ಆರಿಸಿ ಹಚ್ಚಿದೆ. ಎರಡೂ ಕೈಯಿಂದ ಬಾಗಿಲ ಕಡೆ ಸನ್ನೆ ಮಾಡಿದೆ. ಕಿವಿ ಕೇಳದವರೆಲ್ಲ ಥಟ್ಟನೆ ಎದ್ದರು. ಅಕ್ಕ ಕಣ್ಣು ಕಾಣದ ಒಬ್ಬರಿಗೆ ತೋಳು ಕೊಟ್ಟಳು, ಇನ್ನೊಬ್ಬಾಕೆ ಗಾಲಿಕುರ್ಚಿ ತಳ್ಳಿದಳು. ನೋಡುನೋಡುತ್ತ ಸಭೆಯೇ ಹೊರಗೆ, ಬೇವಿನ ಮರದ ಕೆಳಗೆ! ಮೇಡಂ, ನಾನೂ ಹಿಂದೆಯೇ ಬಂದೆವು.

ವೇದಿಕೆಯವರು? ದೀಪ ಹೋಗಿ ಬಂದರೆ ನಮ್ಮಲ್ಲಿ ಯಾರು ಏಳುತ್ತಾರೆ! ಒಬ್ಬರು ಮಾತ್ರ ಪಕ್ಕದವರನ್ನು ಕೇಳಿದರಂತೆ, "ಹೊರಗ ಮಿರ್ಚಿ ಭಜಿ ಬಂದ್ವೇನ್ರಿ?" ಮೈಕಿನಲ್ಲಿ ಭಾಷಣ ನಡೆದೇ ಇತ್ತು: "ಅಪಾಯದ ಸೂಚನೆ ಸಿಕ್ಕ ಕೂಡಲೇ, ಬಂಧುಗಳೇ, ತಡ ಮಾಡದೆ ಹೊರಗೆ ಬರಬೇಕು..."

ಅಕ್ಕ ಕಿಟಕಿಯಿಂದ ವೇದಿಕೆಯನ್ನು ನೋಡಿದಳು. ಆಮೇಲೆ ಬಹಳ ಕನಿಕರದಿಂದ ನನಗೇನೋ ಸನ್ನೆ ಮಾಡಿದಳು. ನನಗೆ ನಗು ತಡೆಯಲಾಗಲಿಲ್ಲ.

"ಏನಂತಾಳ?" ಮೇಡಂ ಕೇಳಿದರು.

"ಪಾಪ, ಆ ಸಾಹೇಬ್ರಿಗೂ ಕಿವಿ ಕೇಳ್ಸಂಗಿಲ್ಲೇನು ಅಂತ ಕೇಳಾಕತ್ತಾಳ್ರಿ!"

ಈ ಸಲ ನನ್ನ ದನಿ ಫ್ಯಾನು, ಮೈಕು ಎರಡನ್ನೂ ದಾಟಿ ಹೋಯಿತು. ಒಳಗೆ ಭಾಷಣ ಗಪ್ಪನೆ ನಿಂತಿತು.

ಮೇಡಂ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ ಅಂದರು: "ಬಂತಲ್ಲವಾ ದನಿ! ಕಂಪ್ಯೂಟರ್ ಬ್ಯಾಡ ಬಿಡು. ಈಗ ಒಳಗ ಹೋಗಿ ಆ ಪಾಪದೋರನ್ನ ಹೊರಗ ಕರ್ಕೊಂಡು ಬಾ."