ಕ್ಲಿಫರ್ಡನ ಯಮಫೋರ್ಕು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗೈಯಲ್ಲಿ ಹಿಡಿಸುವಷ್ಟು ಒಂದು ಡಬ್ಬಿ ಬೆಳ್ಳಿ ಬಣ್ಣ. ಕ್ಲಿಫರ್ಡ್ ಒಗ್ಡನ್ ಅದನ್ನು ಕೊಳ್ಳದೆ ಇದ್ದಿದ್ದರೆ, ಆ ಭಾನುವಾರವೂ ಎಂದಿನಂತೆ ಎರಡನೆಯ ಬಹುಮಾನದ ಬಿಸ್ಕತ್ ಡಬ್ಬಿ ಹಿಡಿದು ಮನೆಗೆ ಬಂದು, ಚಹಾ ಕುಡಿದು ತೆಪ್ಪಗೆ ಮಲಗಿರುತ್ತಿದ್ದ.

ನಮ್ಮ ಥಾರ್ನ್‌ಶಾದಲ್ಲಿ ವರ್ಷಕ್ಕೊಮ್ಮೆ ಹಳೇ ಸೈಕಲ್‌ಗಳ ಸ್ಪರ್ಧೆ ನಡೆಯುತ್ತದೆ. ಸೈಕಲ್ಲಿನ ಒಂದೊಂದು ನಟ್ಟೂ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೇ ಇರಬೇಕು. ಜೊತೆಗೆ ಸೈಕಲ್ ಅಂದಮೇಲೆ ಓಡಬೇಕು, ಆದ್ದರಿಂದ ಮಾಲೀಕ ಅದನ್ನೇರಿ ಚರ್ಚಿನ ಪಕ್ಕದ ಕಲ್ಲುಹಾಸಿನ ಇಳಿಜಾರಿನಲ್ಲಿ ಒಂದು ಸಲ ಇಳಿದು ಹತ್ತಿ ತೋರಿಸಬೇಕು. ಗೆದ್ದವನಿಗೆ ಶೀಲ್ಡು. ಅದಕ್ಕಿಂತ ಹೆಚ್ಚಾಗಿ, ಅವನ ಸೈಕಲ್ಲು ಒಂದು ವರ್ಷ ಲೈಬ್ರರಿಯ ಗಾಜಿನ ಕಿಟಕಿಯಲ್ಲಿ ನಿಲ್ಲುತ್ತದೆ, ಕೆಳಗೆ ಬಂಗಾರದ ಅಕ್ಷರದಲ್ಲಿ ಅವನ ಹೆಸರು. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿ ಬೇರೆಯವರ ಹೆಸರುಗಳನ್ನೇ ಓದಿ ನಿವೃತ್ತನಾದ ಕ್ಲಿಫರ್ಡನಿಗೆ ತನ್ನ ಹೆಸರನ್ನು ಒಂದು ಸಲ ಅಲ್ಲಿ ಓದಬೇಕೆಂಬ ಆಸೆ. ಒಂಬತ್ತು ವರ್ಷ ಸ್ಪರ್ಧಿಸಿದ್ದ, ಒಂಬತ್ತು ಸಲವೂ ಎರಡನೆಯವನೇ. ಮೊದಲನೆಯವನು ಯಾವಾಗಲೂ ಪಕ್ಕದ ಬೀದಿಯ ರೋಲಂಡ್ ಪಿಕಪ್.

ಇದಕ್ಕೆಲ್ಲ ಫೋರ್ಕೇ ಕಾರಣ. ಕ್ಲಿಫರ್ಡನ ಸೈಕಲ್ ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ತೂಕ ಕಡಿಮೆ ಮಾಡುವ ಹುಚ್ಚಿನಲ್ಲಿ ಅವರು ಮುಂಚಕ್ರ ಹಿಡಿಯುವ ಫೋರ್ಕನ್ನು ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ದು, ಮೇಲಿನ ಕೊಳವೆಗೆ ಒಂದೇ ಒಂದು ಪಿನ್ನು ಬಡಿದು ಕೂಡಿಸಿದ್ದರು. ಪಿನ್ನು ಸಡಿಲವಾದ ದಿನ ಚಕ್ರ ಒಂದು ದಾರಿ, ಸವಾರ ಇನ್ನೊಂದು ದಾರಿ. ನಮ್ಮ ಕಡೆ ಅದಕ್ಕೆ ಯಮಫೋರ್ಕು ಅಂತಲೇ ಹೆಸರು. ಕ್ಲಿಫರ್ಡನ ಅಕ್ಕ ಎಡ್ನಾ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ ಈ ಫೋರ್ಕಿನಿಂದ ಮೂಗು ಕಳೆದುಕೊಂಡ ಮೂವರಿಗೆ ತಾನೇ ಪಟ್ಟಿ ಕಟ್ಟಿದ್ದಳು. "ಅದನ್ನ ಹಾಕ್ಕೊಂಡು ಒಂದು ಗಜ ಹೋದ್ರೂ ನಾನು ನಿನ್ನ ಮುಖ ನೋಡೋಲ್ಲ ಕಣೋ" ಎಂದು ತಮ್ಮನಿಂದ ಆಣೆ ಮಾಡಿಸಿಕೊಂಡಿದ್ದಳು. ಹೀಗಾಗಿ ಅವನು ಅಸಲಿಯನ್ನು ಶೆಡ್ಡಿನ ಗೋಡೆಗೆ ನೇತುಹಾಕಿ, ಸೈಕಲ್ಲಿಗೆ ಉಕ್ಕಿನ ಫೋರ್ಕು ಹಾಕಿದ್ದ. ಪ್ರತಿವರ್ಷ ಅದಕ್ಕೇ ಅಂಕ ಹೋಗುತ್ತಿತ್ತು.

ಈ ವರ್ಷ ಕ್ಲಿಫರ್ಡನ ತಲೆ ಓಡಿತು. ಚಳಿಗಾಲವೆಲ್ಲ ಶೆಡ್ಡಿನಲ್ಲಿ ಕೂತು ಉಕ್ಕಿನ ಫೋರ್ಕನ್ನು ಅರದಿಂದ ಉಜ್ಜಿದ, ಸುಳ್ಳು ಪಿನ್ನು ಕೂರಿಸಿದ, ಬೆಳ್ಳಿ ಬಣ್ಣ ಬಳಿದ. ಗೋಡೆಯ ಮೇಲಿನದಕ್ಕೂ ಸೈಕಲ್ಲಿನಲ್ಲಿದ್ದದ್ದಕ್ಕೂ ಅವಳಿ ಜವಳಿಯಷ್ಟು ಹೋಲಿಕೆ ಬಂತು. ಶೀಲ್ಡಿಗೆ ಶೀಲ್ಡೂ ಆಯಿತು, ಅಕ್ಕನಿಗೆ ಕೊಟ್ಟ ಮಾತೂ ಉಳಿಯಿತು ಎಂದು ಹಿಗ್ಗಿದ. 'ಎಲ್ಲ ಭಾಗಗಳೂ ಅಸಲಿ' ಎಂಬ ಅರ್ಜಿಗೆ ಸಹಿ ಹಾಕುವಾಗ ಮಾತ್ರ ಆ ಸಾಲಿನಿಂದ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

ಭಾನುವಾರ ಬೆಳಿಗ್ಗೆ ಅವನು ಸ್ಪರ್ಧೆಯ ಸಭಾಂಗಣದಲ್ಲಿ ಸೈಕಲ್ ನಿಲ್ಲಿಸುತ್ತಿದ್ದಂತೆ ರೋಲಂಡ್ ಬಂದ. ಬಗ್ಗಿ ನೋಡಿದ, ಮೂರು ಹೆಜ್ಜೆ ಹಿಂದಕ್ಕೆ ಸರಿದ.

"ಲೋ ಕ್ಲಿಫ್! ಇದು ಯಮಫೋರ್ಕಲ್ವೇನೋ!"

"ಹೌದು, ಅದೇ" ಎಂದ ಕ್ಲಿಫರ್ಡ್, ಏನೂ ದೊಡ್ಡ ವಿಷಯವಲ್ಲ ಎಂಬಂತೆ.

"ಮನೆಯಿಂದ ಇದರಲ್ಲೇ ಬಂದ್ಯಾ?"

"ಮತ್ತೆ ಹೆಗಲ ಮೇಲೆ ಹೊತ್ಕೊಂಡು ಬರ್ತಾರಾ?"

ಐದು ನಿಮಿಷದಲ್ಲಿ ಸಭಾಂಗಣಕ್ಕೆ ಸಭಾಂಗಣವೇ ಅವನ ಸುತ್ತ ನೆರೆಯಿತು. ಒಂಬತ್ತು ವರ್ಷದಲ್ಲಿ ಅವನ ಸೈಕಲ್ಲನ್ನು ಯಾರೂ ತಿರುಗಿ ನೋಡಿರಲಿಲ್ಲ. ಈಗ ಮಕ್ಕಳನ್ನು ದೂರ ಎಳೆದುಕೊಂಡು ನೋಡುತ್ತಿದ್ದರು. ಕ್ಲಿಫರ್ಡನಿಗೆ ಖುಷಿಯೋ ಖುಷಿ.

ಆದರೆ ಖುಷಿಯ ಹಿಂದೆಯೇ ಉಪಕಾರಿಗಳೂ ಬಂದರು. ಚಹಾ ಮೇಜಿನ ಮೇವಿಸ್ ಬೆಣ್ಣೆ ಸವರಿದ ಬನ್ನನ್ನು ಬಲವಂತವಾಗಿ ಕೈಗಿಟ್ಟು, "ತಿನ್ನಪ್ಪಾ, ಹೊಟ್ಟೆ ತುಂಬ ತಿನ್ನು. ಆಮೇಲೆ ಹೇಗೋ ಏನೋ" ಎಂದು ಕಣ್ಣೊರೆಸಿಕೊಂಡಳು. ಪ್ರಥಮ ಚಿಕಿತ್ಸೆಯ ಟ್ರೆವರ್ ಸ್ಟ್ರೆಚರ್ ಹೊತ್ತು ಅವನು ಹೋದಲ್ಲೆಲ್ಲ ಹಿಂದೆ ಹಿಂದೆ ನಡೆದ. ಕ್ಲಿಫರ್ಡ್ ಪಾಯಖಾನೆಗೆ ಹೋದರೆ ಹೊರಗೆ ಸ್ಟ್ರೆಚರ್ ಕಾಯುತ್ತಿತ್ತು. ರೋಲಂಡ್ ಹತ್ತಿರ ಬಂದು ದನಿ ತಗ್ಗಿಸಿ, "ತಪ್ಪು ತಿಳೀಬೇಡ ಮಾರಾಯಾ, ನಿನ್ನ ಸೈಕಲ್ಲಿನ ಆ ಹಿತ್ತಾಳೆ ದೀಪ ನಿನ್ನ ನಂತರ ಯಾರಿಗೆ ಅಂತ ಎಲ್ಲಾದ್ರೂ ಬರೆದಿಟ್ಟಿದ್ದೀಯಾ?" ಎಂದು ಕೇಳಿದ.

"ಫೋರ್ಕಿಗೆ ಏನೂ ಆಗಲ್ಲ ಕಣಯ್ಯಾ!"

"ಎಲ್ಲರೂ ಹಾಗೇ ಅಂದಿದ್ರು" ಎಂದ ಟ್ರೆವರ್, ಹಿಂದಿನಿಂದ.

ತೀರ್ಪುಗಾರ ಎಂಟ್ವಿಸಲ್ ಅವರು ಭೂತಗನ್ನಡಿ ಹಿಡಿದು ಕಾಲು ಗಂಟೆ ಫೋರ್ಕು ನೋಡಿದರು. ಕೊನೆಗೆ ಅವರು ತಲೆಯೆತ್ತಿ, "ಶುದ್ಧ ಅಸಲಿ! ಇಂಥದ್ದನ್ನ ಇಷ್ಟು ಚೆನ್ನಾಗಿ ಇಟ್ಟುಕೊಂಡೋರನ್ನ ನಾನು ಕಂಡಿಲ್ಲ. ಆದರೆ ಓಡಿಸೋದು ಬೇಡ ಒಗ್ಡನ್. ಸುಮ್ಮನೆ ಹೆಸರು ವಾಪಸ್ ತಗೊಳ್ಳಿ" ಎಂದರು.

"ನಿಯಮ ನಿಯಮಾನೇ ಸಾರ್. ಓಡಿಸ್ತೀನಿ."

ಇಳಿಜಾರಿನ ಎರಡೂ ಕಡೆ ಜನ. ಕೆಳಗೆ ಶಾಲೆಯಿಂದ ಕಸರತ್ತಿನ ಹಾಸಿಗೆಗಳನ್ನು ತಂದು ಹಾಸಿದ್ದರು. ಕ್ಲಿಫರ್ಡನಿಗೆ ಏನು ಭಯ? ಕೆಳಗಿರುವುದು ತಾನೇ ಕೂರಿಸಿದ ಗಟ್ಟಿ ಉಕ್ಕು! ಗಡಗಡನೆ ಇಳಿದ. ಅರ್ಧ ದಾರಿಯಲ್ಲಿ ಒಂದು ಕೈ ಬಿಟ್ಟು ಟೋಪಿ ಬೀಸಿದ. ಹೆಂಗಸರು ಕಿರುಚಿದರು. ಆ ಕಿರುಚಾಟ ಕೇಳಿ ಇನ್ನೊಂದು ಕೈಯನ್ನೂ ಬಿಟ್ಟ. ಬೇಕೆಂದೇ ಒಂದು ಗುಂಡಿಯ ಮೇಲೆ ಹಾಯಿಸಿದ. ಮತ್ತೆ ಹತ್ತಿ ಮೇಲೆ ಬಂದಾಗ ರೋಲಂಡ್ ಕೂಡ ಟೋಪಿ ತೆಗೆದ.

"ಎದೆ ಅಂದ್ರೆ ಎದೆ ಕಣೋ ನಿಂದು! ಈ ವರ್ಷ ನೀನೇ ಗೆಲ್ಲಬೇಕು" ಎಂದ ಅವನ ದನಿಯಲ್ಲಿ ನಿಜವಾದ ಗೌರವವಿತ್ತು. ಕ್ಲಿಫರ್ಡನ ಎದೆ ಚುಳ್ಳೆಂದಿತು.

ಎಂಟ್ವಿಸಲ್ ಶೀಲ್ಡನ್ನು ಅವನ ಕೈಗೆ ಕೊಡುತ್ತಿದ್ದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಎಡ್ನಾ ಕಾಣಿಸಿದಳು. ಮೇವಿಸ್ ಸುಮ್ಮನಿರಲಾರದೆ ಫೋನ್ ಮಾಡಿ, "ನಿನ್ನ ತಮ್ಮ ಯಮಫೋರ್ಕು ಹಾಕ್ಕೊಂಡು ದಿಣ್ಣೆ ಇಳೀತಿದ್ದಾನೆ, ಬಾ ತಾಯೀ" ಎಂದುಬಿಟ್ಟಿದ್ದಳು.

ಕ್ಲಿಫರ್ಡ್ ಅಕ್ಕನ ಮುಖ ನೋಡಿದ. ಕೈಯಲ್ಲಿ ಶೀಲ್ಡು, ಕಣ್ಣ ಮುಂದೆ ಲೈಬ್ರರಿಯ ಕಿಟಕಿ, ಎದುರಿಗೆ ಅಪ್ಪ ಅಮ್ಮ ಹೋದಮೇಲೆ ತನ್ನನ್ನು ಸಾಕಿದ ಅಕ್ಕ. ಬಾಯಿ ಮುಚ್ಚಿಕೊಂಡಿದ್ದರೆ ಹೆಸರು ಬರುತ್ತದೆ, ಅಕ್ಕನ ಕಣ್ಣಲ್ಲಿ ಮಾತಿಗೆ ತಪ್ಪಿದವನಾಗುತ್ತೇನೆ. ಅವನಿಂದ ತಡೆಯಲಾಗಲಿಲ್ಲ.

"ಅಕ್ಕಾ, ನಾನು ಆಣೆ ಮುರಿದಿಲ್ಲ!" ಎಂದು ಕೂಗಿಬಿಟ್ಟ. "ಇದು ಅಸಲಿ ಅಲ್ಲ! ಉಕ್ಕಿನದು! ಬಣ್ಣ ಬಳಿದದ್ದು ನಾನೇ. ಎಲ್ಲರೂ ಕ್ಷಮಿಸಿ."

ಎಂಟ್ವಿಸಲ್ ಮೆಲ್ಲಗೆ ಶೀಲ್ಡನ್ನು ವಾಪಸ್ ತೆಗೆದುಕೊಂಡರು. ರೋಲಂಡ್ ಮಾತ್ರ ಒಪ್ಪಲಿಲ್ಲ. "ನಾನು ಅಷ್ಟು ಹತ್ತಿರದಿಂದ ನೋಡಿದ್ದೀನಿ, ಇದು ಉಕ್ಕು ಅಲ್ವೇ ಅಲ್ಲ" ಎಂದು ಸೂಚನಾ ಫಲಕದಿಂದ ಒಂದು ಆಯಸ್ಕಾಂತ ಕಿತ್ತು ತಂದು ಫೋರ್ಕಿಗೆ ಇಟ್ಟ.

ಆಯಸ್ಕಾಂತ ಜಾರಿ ನೆಲಕ್ಕೆ ಬಿತ್ತು. ಮತ್ತೆ ಇಟ್ಟ, ಮತ್ತೆ ಬಿತ್ತು. ಉಕ್ಕಾಗಿದ್ದರೆ ಗಪ್ಪನೆ ಹಿಡಿಯಬೇಕಿತ್ತು.

"ಅಯ್ಯಯ್ಯೋ" ಎಂದು ಎಡ್ನಾ ಕುರ್ಚಿ ಹಿಡಿದು ಕುಳಿತಳು. "ನೀನು ಸೈಕಲ್ಲಿಗೆ ಹಾಕಿದ್ದು ಉಕ್ಕಿನ ಒಳ್ಳೇದನ್ನೇ ಏನೋ?"

"ಒಳ್ಳೇದನ್ನೇ ಅಕ್ಕಾ! ಆಣೆ ಮಾಡಿರಲಿಲ್ವಾ?"

"ನಾನು ನಂಬಲಿಲ್ಲ ಕಣೋ! ಶೀಲ್ಡಿನ ಆಸೆಗೆ ಕೆಟ್ಟದ್ದನ್ನೇ ಹಾಕಿರ್ತೀಯ ಅಂತ ಬೆಳಿಗ್ಗೆ ನೀನು ಗೊರಕೆ ಹೊಡೀತಿದ್ದಾಗ ಶೆಡ್ಡಿಗೆ ಹೋಗಿ ನಾನೇ ಅದನ್ನ ಬಿಚ್ಚಿ, ಗೋಡೆ ಮೇಲಿದ್ದದ್ದೇ ಉಕ್ಕಿಂದು ಅಂದ್ಕೊಂಡು ಹಾಕಿದೆ. ಅಪ್ಪನ ಸೈಕಲ್ ಅಂಗಡೀಲಿ ಸ್ಪ್ಯಾನರು ನಿನಗಿಂತ ಚೆನ್ನಾಗಿ ಹಿಡೀತಿದ್ದೋಳು ನಾನೇ ಅಲ್ವಾ? ಭಯ ಇಲ್ಲ ಅಂತ ಮೇವಿಸ್‌ಗೆ ಹೇಳೋಕೇ ಬಂದೆ!"

ಎರಡೂ ಕೈ ಬಿಟ್ಟದ್ದು, ಬೇಕೆಂದೇ ಗುಂಡಿಗೆ ಹಾಯಿಸಿದ್ದು ಎಲ್ಲ ಒಟ್ಟಿಗೆ ನೆನಪಾಗಿ ಕ್ಲಿಫರ್ಡ್ ಸೈಕಲ್ಲಿನಿಂದ ಮೂರು ಹೆಜ್ಜೆ ಹಿಂದಕ್ಕೆ ಸರಿದ. ಆದರೂ ಸಣ್ಣದೊಂದು ಆಸೆ ಚಿಗುರಿತು.

"ಸಾರ್, ಹಾಗಾದ್ರೆ ಅಸಲಿನೇ ಆಯ್ತಲ್ಲ? ಶೀಲ್ಡು..."

ಎಂಟ್ವಿಸಲ್ ಕನ್ನಡಕ ಒರೆಸಿಕೊಂಡರು. "ನೋಡಿ ಒಗ್ಡನ್. ಅರ್ಜೀಲಿ ಸುಳ್ಳು ಬರೀತೀನಿ ಅಂದ್ಕೊಂಡು ನಿಜ ಬರೆದ್ರಿ. ಇಲ್ಲಿ ನಿಜ ಹೇಳ್ತೀನಿ ಅಂದ್ಕೊಂಡು ಸುಳ್ಳು ಹೇಳಿದ್ರಿ. ಈ ಎರಡರಲ್ಲಿ ಯಾವುದಕ್ಕೆ ಶೀಲ್ಡು ಕೊಡಲಿ?"

ಶೀಲ್ಡು ರೋಲಂಡನಿಗೆ ಹೋಯಿತು. ಈ ಸಲ ಬಿಸ್ಕತ್ ಡಬ್ಬಿಯೂ ಸಿಗಲಿಲ್ಲ.

ಅಕ್ಕ ತಮ್ಮ ಇಬ್ಬರೂ ಸೈಕಲ್ ತಳ್ಳಿಕೊಂಡು ನಾಲ್ಕು ಮೈಲಿ ದೂರದ ಮನೆಗೆ ನಡೆದೇ ಹೊರಟರು. ಕಾಲುವೆಯ ಸೇತುವೆ ಬಂದಾಗ ಎಡ್ನಾ ತಮ್ಮನ ಬೆನ್ನು ಸವರಿದಳು.

"ಶೀಲ್ಡು ಕೈಯಲ್ಲಿದ್ರೂ ನನಗೋಸ್ಕರ ಬಾಯಿ ಬಿಟ್ಯಲ್ಲ. ಇನ್ಮೇಲೆ ನಿನ್ನ ಮಾತು ನಂಬ್ತೀನಿ ಕಣಪ್ಪಾ."

"ಹೋಗ್ಲಿ ಬಿಡಕ್ಕಾ" ಎಂದ ಕ್ಲಿಫರ್ಡ್, ಸ್ವಲ್ಪ ಹಗುರಾಗಿ. "ಮನೆಗೆ ಹೋಗಿ ಮೊದಲು ಇದನ್ನ ಬಿಚ್ಚಿ, ನಾನು ಮಾಡಿದ ಉಕ್ಕಿಂದು ಹಾಕ್ತೀನಿ. ಚಳಿಗಾಲವೆಲ್ಲ ಕೂತು ಮಾಡಿದ್ದು, ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಇನ್ನೇನೂ ಮಾಡಿಲ್ಲ. ಮುಂದಿನ ವರ್ಷ ಅದನ್ನೇ ನಕಲಿ ಅಂತ ಹೇಳಿ ತೋರಿಸ್ತೀನಿ."

ಎಡ್ನಾಳ ಕೈ ಬೆನ್ನ ಮೇಲೆ ನಿಂತಿತು.

"ನಾನು ಬಿಚ್ಚಿದ್ದು ಕೆಟ್ಟ ಫೋರ್ಕು ಅಂದ್ಕೊಂಡೆ ಕಣೋ. ಮನೇಲಿದ್ರೆ ಮತ್ತೆ ಹಾಕ್ಕೋತೀಯ ಅಂತ..."

"ಅಂತ?"

"ಬಸ್ಸಿಗೆ ಬರುವಾಗ ಇಲ್ಲೇ ಎಸೆದುಬಿಟ್ಟೆ." ಅವಳು ಕಾಲುವೆಯ ನಡುವೆ ತೇಲುತ್ತಿದ್ದ ಬಾತುಕೋಳಿಗಳತ್ತ ಬೆರಳು ತೋರಿಸಿದಳು.

ಕ್ಲಿಫರ್ಡ್ ಬಾತುಕೋಳಿಗಳನ್ನು ನೋಡಿದ. ಆಮೇಲೆ ಸೈಕಲ್ಲನ್ನು ಸೇತುವೆಯ ಗೋಡೆಗೆ ಒರಗಿಸಿ, ಅಲ್ಲೇ ಕಲ್ಲಿನ ಮೇಲೆ ಕೂತು ಬೂಟಿನ ದಾರ ಬಿಚ್ಚತೊಡಗಿದ.