ಇಂಗಿನ ಘಮದ ಸಕ್ಕರೆ ಗಿಣಿಗಳು

ಮನುಷ್ಯರ ಜೊತೆ ಕೂಗಾಡಿ ಗೆಲ್ಲುವುದು ನನಗೆ ಕಷ್ಟವಲ್ಲ. ತರಕಾರಿಯವನು, ನೀರಿನ ಟ್ಯಾಂಕರಿನವನು, ನನ್ನ ಗಂಡ, ಎಲ್ಲರೂ ನನ್ನ ಗಂಟಲಿಗೆ ಹೆದರುತ್ತಾರೆ. ಆದರೆ ಇರುವೆಯ ಮುಂದೆ ಕೂಗಿ ಏನು ಪ್ರಯೋಜನ ಹೇಳಿ? ಅದು ಕೇಳಿಸಿಕೊಳ್ಳುವುದೂ ಇಲ್ಲ, ಮುನಿಸಿಕೊಂಡು ಊಟ ಬಿಡುವುದೂ ಇಲ್ಲ. ಬಾಗಲಗುಂಟೆಯ ನಮ್ಮ ಅಡುಗೆಮನೆಯಲ್ಲಿ ಅವು ಓಡಾಡುವ ಗತ್ತು ನೋಡಿದರೆ ಮನೆಯ ಖಾತೆ ಅವುಗಳ ಹೆಸರಿನಲ್ಲೇ ಇದೆಯೇನೋ ಅನ್ನಿಸುತ್ತದೆ. ನಮ್ಮತ್ತೆಯ ಅಭಿಪ್ರಾಯವೂ ಅದೇ. "ಇದು ನಮ್ ರಾಗಿ ಹೊಲ ಆಗಿದ್ದಾಗಿಂದ ಅವು ಇಲ್ಲೇ ಅವೆ ಕಣಮ್ಮ. ಆಮೇಲ್ ಬಂದೋರು ನಾವು. ಔಷ್ದಿ ಗಿಷ್ದಿ ಹೊಡ್ದು ಸಾಯಿಸ್ಬ್ಯಾಡ" ಎನ್ನುತ್ತಾರೆ. ಸಾಲದ್ದಕ್ಕೆ ದಿನಾ ಬೆಳಿಗ್ಗೆ ಹೊಸಲಿನ ಮುಂದೆ ಅಕ್ಕಿಹಿಟ್ಟಿನಲ್ಲೇ ರಂಗೋಲಿ ಹಾಕುತ್ತಾರೆ, ಇರುವೆಗಳು ತಿನ್ನಲಿ ಎಂದು. ಅಲ್ಲಿ ತಿಂಡಿ ಮುಗಿಸಿದವು ಊಟಕ್ಕೆ ಒಳಗೆ ನನ್ನ ಹತ್ತಿರ ಬರುತ್ತವೆ.

ಇಷ್ಟು ವರ್ಷ ಹೇಗೋ ಹೊಂದಿಕೊಂಡಿದ್ದೆ. ಈ ಸಲದ ಸಂಕ್ರಾಂತಿಗೆ ಮಾತ್ರ ವಿಷಯ ಮಾನದ ಪ್ರಶ್ನೆಯಾಯಿತು. ಮಗಳು ಅನುವಿಗೆ ಮದುವೆಯಾದ ಮೇಲಿನ ಮೊದಲ ಸಂಕ್ರಾಂತಿ. ಜಾಲಹಳ್ಳಿಯ ಬೀಗರ ಮನೆಗೆ ಎಳ್ಳುಬೆಲ್ಲದ ಜೊತೆ ಸಕ್ಕರೆ ಅಚ್ಚು ಕೊಡಬೇಕು. ನಮ್ಮ ಬೀಗಿತ್ತಿಯ ಕೈರುಚಿ ಎಂಥದ್ದೆಂದರೆ, ಅವರ ಮನೆಯಲ್ಲಿ ಬರೀ ತಿಳಿಸಾರು ಉಂಡು ಬಂದರೂ ನನಗೆ ವಾರವೆಲ್ಲ ಹೊಟ್ಟೆಕಿಚ್ಚು. "ಅಂಗಡೀಲಿ ಸಿಗತ್ತಲ್ಲಮ್ಮ, ತಂದ್ಬಿಡು" ಎಂದಳು ಅನು. "ನಿಮ್ಮತ್ತೆ ಮುಂದೆ ನಾನು ಅಂಗಡಿ ಅಚ್ಚು ಇಡ್ಲಾ? ಹೋಗೇ!" ಎಂದು ಫೋನ್ ಇಟ್ಟೆ.

ಅತ್ತೆಯ ಕಾಲದ ಮರದ ಅಚ್ಚುಗಳನ್ನು ಅಟ್ಟದಿಂದ ಇಳಿಸಿ, ನೆನೆಸಿ, ಪಾಕ ಕಾಯಿಸಿ ಸುರಿದೆ. ಗಿಣಿ, ಆನೆ, ತುಳಸಿಕಟ್ಟೆ, ಎಲ್ಲಾ ಮುದ್ದಾಗಿ ಬಂದವು. ಒಂದು ಗಿಣಿಯ ಕೊಕ್ಕೂ ಮುರಿಯಲಿಲ್ಲ. ತಟ್ಟೆಯಲ್ಲಿ ಆರಲು ಇಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಬಿಳಿ ಆನೆ ಕಪ್ಪು ಆನೆಯಾಗಿತ್ತು, ಮೈಯೆಲ್ಲ ಹರಿದಾಡುತ್ತಿತ್ತು.

ಕೊಲ್ಲುವ ಹಾಗಿಲ್ಲವಲ್ಲ, ಮೊಬೈಲಿನಲ್ಲಿ ನೈಸರ್ಗಿಕ ಉಪಾಯ ಹುಡುಕಿದೆ. ಅಬ್ಬಬ್ಬಾ, ಉಪಾಯಗಳು ಇರುವೆಗಳಿಗಿಂತ ಹೆಚ್ಚಾಗಿವೆ! ಅರಿಶಿನದ ಗೆರೆ ಎಳೆದೆ. ಅರಿಶಿನ ಶಾಸ್ತ್ರ ಮುಗಿಸಿಕೊಂಡ ದಿಬ್ಬಣದ ಹಾಗೆ ಸಡಗರದಿಂದ ದಾಟಿದವು. ನಿಂಬೆಸಿಪ್ಪೆ ಇಟ್ಟೆ, ಪಕ್ಕದಲ್ಲೇ ದಾರಿ ಮಾಡಿಕೊಂಡವು. ನೀರು ತುಂಬಿದ ತಟ್ಟೆಯ ನಡುವೆ ಡಬ್ಬ ಇಟ್ಟೆ. ಅದೇನೋ ಒಳ್ಳೆಯ ಉಪಾಯವೇ, ಆದರೆ ನನ್ನ ಗಂಡ ಕಾಫಿ ಕಲಕಿದ ಚಮಚವನ್ನು ಆ ಡಬ್ಬಕ್ಕೇ ಒರಗಿಸಿ ಸೇತುವೆ ಕಟ್ಟಿಕೊಟ್ಟರು. ಹೆಬ್ಬಾಳದ ಫ್ಲೈಓವರ್ ಮೇಲೆ ಜನ್ಮದಲ್ಲಿ ಕಾಣದ ಶಿಸ್ತಿನಿಂದ ಇರುವೆಗಳು ಒಂದೇ ಸಾಲಿನಲ್ಲಿ ಸಾಗಿದವು.

ಕೊನೆಗೆ ಸಿಕ್ಕಿದ್ದು ಇಂಗು. ಅದರ ವಾಸನೆಗೆ ಇರುವೆ ಹತ್ತಿರ ಸುಳಿಯುವುದಿಲ್ಲವಂತೆ. ಮತ್ತೆ ಪಾಕ ಕಾಯಿಸಿ ಹೊಸ ಅಚ್ಚು ಮಾಡಿದೆ. ಗಟ್ಟಿ ಇಂಗು ಕುಟ್ಟಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಡಬ್ಬದ ಸುತ್ತಮುತ್ತ ಇಡುವುದು ಯಾಕೆಂದು ಅಚ್ಚುಗಳ ಜೊತೆ ಒಳಗೇ ಇಟ್ಟು ಮುಚ್ಚಳ ಬಿಗಿದೆ. ಹಬ್ಬದವರೆಗೆ ಒಂದೇ ಒಂದು ಇರುವೆ ಆ ಕಡೆ ತಲೆ ಹಾಕಲಿಲ್ಲ. ನಾನು ಹಿಗ್ಗಿದ್ದೇ ಹಿಗ್ಗಿದ್ದು. ನನಗೆ ಆಗ ನೆಗಡಿಯಾಗಿ ಮೂಗು ಕಟ್ಟಿತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು.

ಹಬ್ಬದ ದಿನ ಜಾಲಹಳ್ಳಿಯಲ್ಲಿ ಬೀಗಿತ್ತಿ ಗಿಣಿಯನ್ನು ಕೈಗೆತ್ತಿಕೊಂಡು, "ಎಷ್ಟ್ ಚೆನ್ನಾಗ್ ಬಂದಿದೆ ಬೀಗರೇ!" ಎಂದು ಅದರ ಬಾಲ ಕಚ್ಚಿದರು. ಅಗಿಯುತ್ತಿದ್ದ ಬಾಯಿ ನಿಂತಿತು. ಬಹಳ ದೊಡ್ಡ ಮನಸ್ಸು ಅವರದು. "ಒಂಥರಾ... ಒಗ್ಗರಣೆ ಘಮ ಇದೆ ಅಲ್ವಾ?" ಎಂದರು. ಅನುವಿಗೆ ಅಂಥ ಮನಸ್ಸಿಲ್ಲ. "ಅಮ್ಮಾ, ಇದು ಸಕ್ಕರೆ ಅಚ್ಚೋ ಪುಳಿಯೋಗರೆನೋ?" ಎಂದುಬಿಟ್ಟಳು. ಇಂಗು ತಿಂದ ಮಂಗ ಎನ್ನುತ್ತಾರಲ್ಲ, ಅವತ್ತು ತಿಂದವರು ಅವರು, ಮುಖ ಮಾತ್ರ ನನ್ನದು.

ನಮ್ಮ ಮನೆಯಲ್ಲಿ ಉಳಿದಿದ್ದ ಗಿಣಿಗಳನ್ನು ಅತ್ತೆ ರಂಗೋಲಿಯ ಪಕ್ಕ ಇಟ್ಟರು. "ಪಾಪ, ಅವಾದ್ರೂ ತಿನ್ಲಿ." ಇರುವೆಗಳು ಬಂದವು, ಅಕ್ಕಿಹಿಟ್ಟು ತಿಂದವು, ಗಿಣಿಗಳನ್ನು ದೂರದಿಂದಲೇ ಬಳಸಿಕೊಂಡು ಹೋದವು. ನನಗೆ ಅಳು ಬರುವುದೊಂದು ಬಾಕಿ.

ಕೆಲವು ದಿನಗಳ ಮೇಲೆ ಬೀಗಿತ್ತಿಯ ಫೋನ್ ಬಂತು. "ಬೀಗರೇ, ಆ ಗಿಣಿ ಇನ್ನೊಂದಷ್ಟು ಇದ್ಯಾ?"

ನನ್ನ ಎದೆ ಉಬ್ಬಿತು. "ಅಯ್ಯೋ, ಅದಕ್ಕೇನಂತೆ! ಅಷ್ಟು ಹಿಡಿಸ್ತಾ?"

"ಹಿಡಿಸ್ತು ಅಂದ್ರೆ... ಬಿಸಾಕೋಕೆ ಮನಸ್ಸು ಬರ್ದೆ ಸಕ್ಕರೆ ಡಬ್ಬದ ಹತ್ರ ಒಂದ್ ಇಟ್ಟಿದ್ದೆ ಕಣ್ರೀ. ಅವತ್ತಿಂದ ಒಂದ್ ಇರುವೆ ಬಂದಿಲ್ಲ! ಬೆಲ್ಲದ ಡಬ್ಬಕ್ಕೂ ಒಂದ್ ಬೇಕಿತ್ತು."

ನಾನು ಕಿಸಕ್ಕನೆ ನಕ್ಕೆ, ಅವರೂ ನಕ್ಕರು, ನಗು ನಿಲ್ಲಲೇ ಇಲ್ಲ. ಅವರ ಅಡುಗೆಮನೆಯಲ್ಲಿ ನಾನು ಮಾಡಿದ್ದಕ್ಕೆ ಒಂದು ಜಾಗ ಸಿಕ್ಕಿತಲ್ಲ, ನನಗಷ್ಟು ಸಾಕು. ಈಗ ನಮ್ಮ ಒಲೆಯ ಮೇಲೆ ಮತ್ತೆ ಪಾಕ ಕುದಿಯುತ್ತಿದೆ. ಕಟ್ಟೆಯ ಮೇಲೆ ಚೆಲ್ಲಿದ್ದಕ್ಕೆ ನಮ್ಮ ಇರುವೆಗಳು ಆಗಲೇ ಸಾಲುಗಟ್ಟಿ ಬಂದಿವೆ. ಬಂದರೆ ಬರಲಿ ಬಿಡಿ, ನನಗೆ ಪುರುಸೊತ್ತಿಲ್ಲ. ಬೀಗರ ಮನೆಯ ಇರುವೆ ಓಡಿಸುವ ಕೆಲಸದಲ್ಲಿದ್ದೇನೆ.