ಹಾಲಮ್ಮ ಮುತ್ತಜ್ಜಿಯ ಕಡತ

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಚನ್ನಗಿರಿಯ ಒಂದು ಕಚೇರಿಯಲ್ಲಿ ಹಳೆ ದಾಖಲೆಗಳ ಕೋಣೆಯ ಗುಮಾಸ್ತನಾಗಿದ್ದೆ. ಯಾವ ಕಡತ ಕೇಳಿದರೂ ಲೋಟದ ಚಹಾ ಆರುವುದರೊಳಗೆ ತಂದು ಮೇಜಿನ ಮೇಲಿಡುತ್ತಿದ್ದೆ. ಸಾಹೇಬರು ಒಮ್ಮೆ ನಾಲ್ಕು ಜನರ ಎದುರಿಗೆ, "ಈ ಮನುಷ್ಯನ ತಲೆ ಅಂದರೆ ಕಬ್ಬಿಣದ ಬೀರು" ಎಂದಿದ್ದರು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದುಕೊಂಡಿದ್ದೆ. ಈಗ ಯೋಚಿಸಿದರೆ ಸ್ವಲ್ಪ ಅನುಮಾನ ಬರುತ್ತದೆ.

ಇಂಥ ನನಗೆ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಅವಮಾನವಾಯಿತು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ನಿಮ್ಮ ತಾಯಿ ಕಡೆ ಮುತ್ತಜ್ಜಿ ಯಾರಪ್ಪ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಊರವರ ಮೂರು ತಲೆಮಾರಿನ ಕಾಗದಪತ್ರವನ್ನು ಬಾಯಲ್ಲೇ ಹೇಳುವ ನಾನು ಸುಮ್ಮನೆ ಪಾಯಸ ಕುಡಿದು ಎದ್ದೆ. ಅವತ್ತೇ ತೀರ್ಮಾನವಾಯಿತು: ನಮ್ಮ ಮನೆತನದ ವಂಶವೃಕ್ಷವನ್ನು ನಾನೇ ಬರೆಯುವುದು. ಎಲ್ಲರಂತೆ ಗಂಡಸರ ಹೆಸರು ಮಾತ್ರ ಅಲ್ಲ, ಹೆಣ್ಣುಮಕ್ಕಳ ಕಡೆಯದೂ ಇರಬೇಕು. ಹೆಂಡತಿಯ ಕಡೆಯದೂ ಇರಬೇಕು.

"ನಮ್ಮ ಕಡೆಯೋರನ್ನ ಯಾಕೆ ಎಳೀತೀರಿ ಇದರಾಗೆ?" ಎಂದಳು ನನ್ನ ಹೆಂಡತಿ ಸರೋಜ. ಅವಳ ತವರು ನ್ಯಾಮತಿ.

"ದಾಖಲೆ ಸಮಗ್ರವಾಗಿರಬೇಕು."

"ಮೊನ್ನೆ ರೇಷನ್ ಕಾರ್ಡ್ ಹುಡುಕಾಕೆ ಎರಡು ದಿನ ತಗಂಡ್ರಿ."

"ಅದು ಮನೆ ವಿಚಾರ. ಇದು ದಾಖಲೆ ವಿಚಾರ" ಎಂದು ಮಾತು ಮುಗಿಸಿದೆ.

ಕಾಗದಕ್ಕೆ ಬರವಿರಲಿಲ್ಲ. ಆಗಿನ ಎಲ್ಲ ಮನೆಗಳಂತೆ ನಮ್ಮ ಗೋಡೆಯ ಮೊಳೆಗೂ ಒಂದು ಕೊಕ್ಕೆ ತಂತಿ ನೇತಾಡುತ್ತಿತ್ತು. ಬಂದ ಕಾಗದ, ಲಗ್ನಪತ್ರಿಕೆಗಳನ್ನೆಲ್ಲ ಅದಕ್ಕೆ ಚುಚ್ಚುವುದು ವಾಡಿಕೆ. ಲಗ್ನಪತ್ರಿಕೆಗಳ ಹಿಂಬದಿ ಪೂರ್ತಿ ಖಾಲಿ. ಅವನ್ನೇ ಬಿಚ್ಚಿ, ಸತ್ತವರಿಗೂ ಇದ್ದವರಿಗೂ ತಲಾ ಒಂದು ಚೀಟಿಯಂತೆ ಮಂಜೂರು ಮಾಡಿದೆ. ಮುಂದೆ ಯಾರದೋ ಮದುವೆಯ ಶುಭ ಮುಹೂರ್ತ, ಹಿಂದೆ ನಮ್ಮ ತಾತನ ಮರಣದ ವಿವರ. ನಾಲ್ಕೂ ಮೂಲೆಗೆ ಅರಿಶಿನ ಬೇರೆ ಇದ್ದುದರಿಂದ ನೋಡಲು ಲಕ್ಷಣವಾಗಿತ್ತು.

ಮೊದಲ ಪ್ರವಾಸ ಸಾಸ್ವೆಹಳ್ಳಿಗೆ, ನಮ್ಮ ದೊಡ್ಡಪ್ಪನ ಮನೆಗೆ. ಕಟ್ಟೆಯ ಮೇಲೆ ಕುಳಿತು ಚೀಟಿ ಹರಡಿಕೊಂಡು, "ದೊಡ್ಡಪ್ಪ, ನಮ್ಮ ವಂಶವೃಕ್ಷ ಬೇಕಾಗಿತ್ತು" ಎಂದೆ. ಅವರ ಮುಖ ಬಿಗಿಯಿತು. ನಮ್ಮ ಕಡೆ ವಂಶವೃಕ್ಷ ಎಂಬ ಮಾತು ಕೇಳಿಬರುವುದು ಹೊಲ ಪಾಲಾಗುವಾಗ ಮಾತ್ರ. ಅದೂ ಕಚೇರಿಯ ಗುಮಾಸ್ತನ ಬಾಯಿಂದ!

"ಯಾವ ಹೊಲದ ಮೇಲೆ ಕಣ್ಣು ಹಾಕೀಯಪ್ಪ?"

"ಯಾವುದರ ಮೇಲೂ ಇಲ್ಲ ದೊಡ್ಡಪ್ಪ. ಇದು ಬರೀ ಹವ್ಯಾಸ."

"ಹವ್ಯಾಸಕ್ಕೆ ಯಾರಾದ್ರೂ ಸತ್ತೋರ ಹೆಸರು ಬರ್ಕಂತಾರಾ? ನಿಮ್ಮಪ್ಪನ ಕಾಲಕ್ಕೇ ಎಲ್ಲ ಇತ್ಯರ್ಥ ಆಗೈತೆ, ತಿಳ್ಕ."

ಮಜ್ಜಿಗೆ ಕೊಟ್ಟರು. ಹೆಸರು ಕೊಡಲಿಲ್ಲ. ನಾನು ಪಾಲು ಕೇಳುತ್ತಿದ್ದೇನೆಂಬ ಸುದ್ದಿ ಹೊನ್ನಾಳಿ ಸುತ್ತಮುತ್ತ ನಾನು ಬಸ್ ಹತ್ತುವ ಮೊದಲೇ ಹಬ್ಬಿತು. ಆ ವಾರ ಇಬ್ಬರು ದಾಯಾದಿಗಳಿಂದ ಕಾರ್ಡು ಬಂತು. ಎರಡರಲ್ಲೂ ಕ್ಷೇಮ ಸಮಾಚಾರದ ಸಾಲು ಇರಲಿಲ್ಲ.

ಹೆಂಗಸರು ಹಾಗಲ್ಲ. ಕೇಳಿದ್ದಕ್ಕಿಂತ ಹೆಚ್ಚೇ ಹೇಳಿದರು. ನ್ಯಾಮತಿಯಲ್ಲಿ ನನ್ನ ಅತ್ತೆ ರೊಟ್ಟಿ ತಟ್ಟುತ್ತಲೇ, "ನಮ್ಮವ್ವ ನಾಗಮ್ಮ. ಅವಳ ಅವ್ವ ಹಾಲಮ್ಮ, ಸಾಸ್ವೆಹಳ್ಳಿಯೋಳು" ಎಂದರು. ಒಂದು ಚೀಟಿಯಾಯಿತು. ಆಮೇಲೆ ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರಿಗೆ ಹೋದೆ. ಅಲ್ಲಿ ನನ್ನ ಚಿಕ್ಕಮ್ಮ, ಅಂದರೆ ತೀರಿಹೋದ ನನ್ನ ತಾಯಿಯ ತಂಗಿ, ಇದ್ದಳು. ಅವಳ ಜೊತೆ ನನ್ನ ಅಜ್ಜಿ, ಎಂಬತ್ತರ ಗೌರಜ್ಜಿ. "ನಮ್ಮವ್ವನ ಹೆಸರು ಹಾಲಮ್ಮ. ಸಾಸ್ವೆಹಳ್ಳಿ. ನಾನು ಅಂಬೆಗಾಲು ಇಡಾಕೆ ಮುಂಚೆನೇ ಹೋದ್ಲು, ಮುಖಾನೂ ಗೊತ್ತಿಲ್ಲ ನಂಗೆ" ಎಂದಳು ಅಜ್ಜಿ. ಇನ್ನೊಂದು ಚೀಟಿಯಾಯಿತು. ಪಂಕ್ತಿಯಲ್ಲಿ ಸಿಗದ ಉತ್ತರ ಕೊನೆಗೂ ಸಿಕ್ಕಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಉತ್ಸಾಹ ತಡೆಯಲಾರದೆ ಚೀಟಿಗಳ ದಾರ ಬಿಚ್ಚಿ, ತಲೆಮಾರಿನ ಪ್ರಕಾರ ನಂಬರು ಹಾಕಲು ಕುಳಿತೆ. ಜಗಳೂರಿನ ಬಯಲಿನ ಗಾಳಿಗೆ ಕಚೇರಿಯ ಶಿಸ್ತು ಗೊತ್ತಿಲ್ಲ. ಒಂದೇ ಬೀಸಿಗೆ ನನ್ನ ಪೂರ್ವಜರೆಲ್ಲ ಎದ್ದು ಬಸ್ಸಿನ ತುಂಬ ಹಾರಾಡಿದರು. ಪ್ರಯಾಣಿಕರು ಪಾಪ, ಹಿಡಿದು ಹಿಡಿದು ಕೊಟ್ಟರು.

"ಇಷ್ಟೊಂದು ಮದುವೆ ಯಾರ್ದು ಸ್ವಾಮಿ?" ಎಂದ ಕಂಡಕ್ಟರ್.

ಹಿಂದಿನ ಸೀಟಿನಲ್ಲಿ ಒಬ್ಬರು ಎರಡು ಕುರಿಮರಿಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅದರಲ್ಲೊಂದು ಮರಿ ಒಂದು ಚೀಟಿಯನ್ನು ತಿಂದುಹಾಕಿತು. ತಿಂದದ್ದು ಯಾವ ಪೂರ್ವಜರನ್ನು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಮನೆಗೆ ಬಂದು ನೋಡಿದರೆ ಯಾವ ಚೀಟಿ ಯಾರ ಕಡೆಯದು ಎಂಬ ಕ್ರಮವೇ ಇಲ್ಲ. ಆಗ ನನ್ನೊಳಗಿನ ಗುಮಾಸ್ತ ಎದ್ದು ನಿಂತ. ಕಚೇರಿಯಲ್ಲಿ ನಮ್ಮದೊಂದು ನಿಯಮ: ಮೊದಲು ಅಕಾರಾದಿಯಾಗಿ ಜೋಡಿಸು, ಒಂದೇ ವಿಷಯಕ್ಕೆ ಎರಡು ಕಡತ ಸಿಕ್ಕರೆ ಸೇರಿಸಿ ಒಂದು ಮಾಡು. ಅದರಂತೆ ಜೋಡಿಸಿದೆ. 'ಹ' ಅಕ್ಷರಕ್ಕೆ ಬಂದಾಗ ಎರಡು ಚೀಟಿ ಸಿಕ್ಕವು. ಹಾಲಮ್ಮ, ಸಾಸ್ವೆಹಳ್ಳಿ. ಹಾಲಮ್ಮ, ಸಾಸ್ವೆಹಳ್ಳಿ. ಯಾರೋ ಅಜಾಗರೂಕತೆಯಿಂದ ಎರಡು ಸಲ ಬರೆದಿದ್ದಾರೆ ಎಂದು, ಆ ಯಾರೋ ನಾನೇ ಎಂಬುದನ್ನು ಮರೆತು, ಗೊಣಗಿಕೊಂಡು ಗುಂಡುಸೂಜಿ ಚುಚ್ಚಿದೆ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ನಮ್ಮ ಸೀಮೆಯಲ್ಲಿ ಓಣಿಗೆ ನಾಲ್ಕು ಹಾಲಮ್ಮಂದಿರು ಇರುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಕಡತದ ಮುಂದೆ ಕುಳಿತಾಗ ಗೊತ್ತಿದ್ದದ್ದನ್ನೆಲ್ಲ ಬದಿಗಿಡುವುದು ನನಗೆ ರೂಢಿಯಾಗಿಬಿಟ್ಟಿತ್ತು.

ನಂತರ ಎರಡು ಡ್ರಾಯಿಂಗ್ ಶೀಟು ಅಂಟಿಸಿ ಮರ ಬರೆದೆ. ಗಂಡಸರಿಗೆ ನೀಲಿ ಮಸಿ, ಹೆಂಗಸರಿಗೆ ಕೆಂಪು ಮಸಿ, ಅಲ್ಲಲ್ಲಿ ಹಸಿರು ಎಲೆ. ಚೀಟಿಯಿಂದ ಚೀಟಿಗೆ ಗೆರೆ ಎಳೆದೆನೇ ಹೊರತು ಓದಿ ನೋಡಲಿಲ್ಲ. ಕಡತವನ್ನು ಕಟ್ಟಿಡುವವರು ಓದುವ ಪದ್ಧತಿ ನಮ್ಮಲ್ಲಿಲ್ಲ. ನನ್ನ ಹೆಸರನ್ನು ವಿನಯದಿಂದ ಮರದಲ್ಲಿ ಸೇರಿಸದೆ, ಕೆಳಗಿನ ಮೂಲೆಯಲ್ಲಿ ಚೌಕ ಹಾಕಿ 'ಸಂಗ್ರಾಹಕರು' ಎಂದು ಬರೆದುಕೊಂಡೆ.

ಅಷ್ಟರಲ್ಲಿ ಸರೋಜಳ ತಂಗಿ ಗಿರಿಜೆಗೆ ಸಂಬಂಧ ಕೂಡಿಬಂದಿತ್ತು. ಹುಡುಗ ಬೇರೆ ಯಾರೂ ಅಲ್ಲ, ಜಗಳೂರಿನ ನನ್ನ ಚಿಕ್ಕಮ್ಮನ ಮಗ ಮಹೇಶ. ನಮ್ಮಲ್ಲಿ ಮದುವೆಗೆ ಮುಂಚೆ ಎರಡೂ ಮನೆಯ ಬೆಡಗು, ಅಂದರೆ ಗೋತ್ರದಂಥದ್ದು, ಕೇಳುತ್ತಾರೆ. ಅದು ತಂದೆಯ ಕಡೆಯಿಂದ ಬರುವುದು. ಎರಡೂ ಒಂದೇ ಆದರೆ ಮದುವೆಯಿಲ್ಲ. ಕೇಳಿದ್ದರು, ಬೇರೆ ಬೇರೆ ಎಂದಾಗಿತ್ತು. ತಾಯಂದಿರ ಕಡೆ ಮುತ್ತಜ್ಜಿಯವರೆಗೆ ಯಾರೂ ಹೋಗಿರಲಿಲ್ಲ. ಹೋದವನು ನಾನೊಬ್ಬನೇ. ಹುಡುಗ ಹುಡುಗಿ ಇಬ್ಬರಿಗೂ ಒಪ್ಪಿಗೆಯಾಗಿತ್ತು. ಅದಕ್ಕಿಂತ ಮೊದಲು ಎರಡು ಸಂಬಂಧ ತಪ್ಪಿಹೋಗಿ ಮಾತು ಕಡಿಮೆ ಮಾಡಿದ್ದ ಗಿರಿಜೆ ಆ ತಿಂಗಳು ಮತ್ತೆ ರೇಡಿಯೋ ಹಾಕತೊಡಗಿದ್ದಳು.

ಹೂ ಮುಡಿಸುವ ಶಾಸ್ತ್ರದ ದಿನ ಜಗಳೂರಿನವರು ಗೌರಜ್ಜಿಯನ್ನೂ ಕರೆದುಕೊಂಡು ನ್ಯಾಮತಿಗೆ ಬಂದರು. ಮಾವನವರ ಮನೆಯ ಪಡಸಾಲೆಯಲ್ಲಿ ಜಮಖಾನೆ, ತಟ್ಟೆ ತುಂಬ ಮಂಡಕ್ಕಿ, ಮಿರ್ಚಿ. ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಮಲ್ಲಿಗೆ. ಇದಕ್ಕಿಂತ ಒಳ್ಳೆಯ ಸಭೆ ಸಿಗಲಾರದೆಂದು ನಾನು ಮರವನ್ನು ಗೋಡೆಗೆ ನೇತುಹಾಕಿ ಗಂಟಲು ಸರಿಮಾಡಿಕೊಂಡೆ.

"ಈ ಶುಭ ಸಂದರ್ಭದಲ್ಲಿ ಉಭಯ ಕುಟುಂಬಗಳ ಅವಗಾಹನೆಗಾಗಿ..."

ಚಿಕ್ಕಪ್ಪ, ಅಂದರೆ ಹುಡುಗನ ತಂದೆ, ಮಿರ್ಚಿ ಕೈಯಲ್ಲಿ ಹಿಡಿದು ಎದ್ದುಬಂದರು. ಕುರಿ ಸಾಕಿದ ಮನುಷ್ಯ. ನೂರಾರು ಕುರಿಗಳ ಹಿಂಡಿನಲ್ಲಿ ಯಾವ ಮರಿ ಯಾವ ತಾಯಿಯದು ಎಂದು ನೋಡಿದ ಕೂಡಲೇ ಹೇಳುವವರು. ಅವರ ಬೆರಳು ಗೆರೆಯ ಮೇಲೆ ಓಡಾಡಿತು.

"ಮೂರ್ತಿ, ಈ ಹಾಲಮ್ಮಗೆ ಇಬ್ರು ಹೆಣ್ಣುಮಕ್ಳಾ?"

"ಹೌದು ಚಿಕ್ಕಪ್ಪ. ನಾಗಮ್ಮ, ಗೌರಮ್ಮ."

"ಗೌರಮ್ಮ ಅಂದ್ರೆ ನಮ್ಮತ್ತೆ. ನಾಗಮ್ಮ ಅಂದ್ರೆ ಹುಡುಗಿ ಅಜ್ಜಿ."

"ಹೌದು" ಎಂದೆ ಹೆಮ್ಮೆಯಿಂದ.

ಅವರು ಮಿರ್ಚಿಯನ್ನು ತಟ್ಟೆಗೆ ವಾಪಸು ಇಟ್ಟರು. "ಅಕ್ಕ ತಂಗಿ ಮಕ್ಳು ಅಕ್ಕ ತಂಗಿ. ಅವರ ಮಕ್ಳು ಅಣ್ಣ ತಂಗಿ. ಹುಡುಗ, ಹುಡುಗಿ ಅಣ್ಣ ತಂಗಿ ಆಗ್ತಾರಲ್ಲಪ್ಪ."

ಪಡಸಾಲೆಯಲ್ಲಿ ಮಂಡಕ್ಕಿ ಅಗಿಯುವ ಸದ್ದು ನಿಂತಿತು. ಅಣ್ಣ ತಂಗಿ ವರಸೆ ಅಂದಮೇಲೆ ಮದುವೆಯ ಮಾತೇ ಇಲ್ಲ. ಮಾವನವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, "ಅಳಿಯಂದ್ರೆ, ಇದು ಖಾತ್ರಿನಾ?"

ತಪ್ಪಿರಬಹುದು, ಇನ್ನೊಮ್ಮೆ ನೋಡುತ್ತೇನೆ ಎನ್ನಲು ಅದೇ ಸಮಯ. ನಾನು ಹೇಳಿದ್ದು, "ದಾಖಲೆ ಇದೆ ಮಾವ." ಒಂದು ಹುಡುಗಿಯ ಬಾಳು ಎದುರಿಗಿರುವಾಗ ನನ್ನ ಬಾಯಿಂದ ಬಂದದ್ದು ಆ ಮಾತು. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಬರೆದಿಟ್ಟ ಕಾಗದ, ಅದೂ ಕೆಂಪು ಮಸಿ! ಎದುರು ಮಾತಾಡುವವರು ಯಾರು? ಗೌರಜ್ಜಿಯೇ ನಂಬಿಬಿಟ್ಟಳು.

"ನಂಗೆ ಅಕ್ಕ ಇದ್ಲಾ?" ಎಂದಳು. "ಅವ್ವ ಹೋದಾಗ ನಾನು ಕೂಸು. ಯಾರೂ ನಂಗೆ ಹೇಳ್ಲಿಲ್ಲ ನೋಡು. ಎಂಬತ್ತು ವರ್ಷ ಆದ್ಮೇಲೆ ಅಕ್ಕನ್ನ ಹುಡುಕಿ ಕೊಟ್ಟೆಯಲ್ಲಪ್ಪ." ಕಣ್ಣೊರೆಸಿಕೊಂಡು ನನ್ನ ಅತ್ತೆಯನ್ನು ಕೇಳಿದಳು, "ಹೆಂಗಿದ್ಲವ್ವ ನಿಮ್ಮವ್ವ? ನನ್ನಂಗೆ ಇದ್ಲಾ?"

ಅತ್ತೆ ಸೆರಗು ಹಿಂಡುತ್ತ ನಿಂತರು. ಒಳಕೋಣೆಯಿಂದ ಗಿರಿಜೆಯ ಬಿಕ್ಕಳಿಕೆ ಕೇಳಿಸಿತು. ಮಹೇಶ ಜಮಖಾನೆಯ ಎಳೆ ಕೀಳುತ್ತ ತಲೆತಗ್ಗಿಸಿದ್ದ. ಚಿಕ್ಕಪ್ಪ ಹೆಗಲಿಗೆ ಟವೆಲ್ ಹಾಕಿಕೊಂಡು, "ಬಸ್ಸಿಗೆ ಹೊತ್ತಾತು" ಎಂದರು.

ಆಗ ಸರೋಜ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು. ಮರವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದಳು. ತಟ್ಟೆಯನ್ನು ಕೆಳಗಿಟ್ಟಳು.

"ಮಾವ, ಒಂದು ಗಳಿಗೆ ಕೂತ್ಕಳ್ರಿ" ಎಂದು ಚಿಕ್ಕಪ್ಪನನ್ನು ತಡೆದಳು. "ಮಹೇಶ ಇವರಿಗೆ ಏನಾಗ್ಬೇಕು?"

"ಚಿಕ್ಕಮ್ಮನ ಮಗ. ತಮ್ಮ ಆಗ್ಬೇಕು" ಎಂದರು ಚಿಕ್ಕಪ್ಪ.

"ಗಿರಿಜೆ ನಂಗೆ?"

"ಒಡಹುಟ್ಟಿದ ತಂಗಿ."

"ಇವರ ತಮ್ಮ, ನನ್ನ ತಂಗಿ, ಅಣ್ಣ ತಂಗಿ ಆದ್ರೆ ಇವರು, ನಾನು ಏನಾದ್ವಿ?"

ಎಲ್ಲರೂ ನನ್ನನ್ನು ನೋಡಿದರು. ನಾನು ಮರವನ್ನು ನೋಡಿದೆ. ಚಿಕ್ಕಪ್ಪನ ಬೆರಳು ಮತ್ತೆ ಹೊರಟಿತು. ಹಾಲಮ್ಮ, ನಾಗಮ್ಮ, ಅತ್ತೆ, ಸರೋಜ. ಹಾಲಮ್ಮ, ಗೌರಮ್ಮ, ನನ್ನ ತಾಯಿ. ತಾಯಿಯ ಕೆಳಗೆ ಖಾಲಿ ಜಾಗ. ಬೆರಳು ನಿಧಾನವಾಗಿ ಇಳಿದು ಮೂಲೆಯ ಚೌಕದ ಮೇಲೆ, 'ಸಂಗ್ರಾಹಕರು' ಎಂಬಲ್ಲಿ ನಿಂತಿತು. ನಮ್ಮ ಮದುವೆಯಾಗಿ ಎಂಟು ವರ್ಷ. ಎರಡು ಮಕ್ಕಳು.

"ಶಿವ ಶಿವ" ಎಂದರು ಮಾವ.

ಗೌರಜ್ಜಿ ಮಾತ್ರ ಬೇರೆ ಏನೋ ಯೋಚಿಸುತ್ತಿದ್ದಳು. ಅತ್ತೆಯನ್ನು ಹತ್ತಿರ ಕೂರಿಸಿಕೊಂಡು ಕೇಳಿದಳು, "ನಿಮ್ಮಜ್ಜಿ ಹಾಲಮ್ಮನ್ನ ನೀನು ಕಣ್ಣಾರೆ ನೋಡೀಯೇನವ್ವ?"

"ನೋಡೀನಿ. ಸಾಲೆಗೆ ಹೋಗೋವಾಗ ದಿನಾ ನಂಗೆ ಜಡೆ ಹಾಕ್ತಿದ್ಲು."

"ನಿಂಗೀಗ ಎಷ್ಟು ವರ್ಷ?"

"ಐವತ್ತೆರಡೋ ಮೂರೋ."

"ನಮ್ಮವ್ವ ಸತ್ತು ಎಂಬತ್ತು ವರ್ಷ ಆತು" ಎಂದಳು ಅಜ್ಜಿ, ನನ್ನ ಕಡೆ ತಿರುಗಿ. "ಸತ್ತೋಳು ಮೂವತ್ತು ಮೂವತ್ತೈದು ವರ್ಷ ಬಿಟ್ಟು ಎದ್ದು ಬಂದು ಜಡೆ ಹಾಕಿದ್ಲೇನಪ್ಪ?"

ನಾನು ಚೀಲದಿಂದ ಚೀಟಿಗಳನ್ನು ತೆಗೆದೆ. ಗುಂಡುಸೂಜಿ ಬಿಚ್ಚಿದೆ. ಇಬ್ಬರು ಹಾಲಮ್ಮಂದಿರು ನನ್ನ ಅಂಗೈಯಲ್ಲಿ ಬೇರೆ ಬೇರೆಯಾಗಿ ಬಿದ್ದರು. ಅಜ್ಜಿ ಕೊಟ್ಟ ಚೀಟಿಯಲ್ಲಿ 'ಮಗು ಚಿಕ್ಕದಿರುವಾಗಲೇ ಮರಣ' ಎಂದು ನನ್ನದೇ ದುಂಡು ಅಕ್ಷರದಲ್ಲಿ ಬರೆದಿತ್ತು.

"ತಪ್ಪಾಯಿತು" ಎಂದೆ. ಸಾಹೇಬರ ಮುಂದೆ ಎಂದೂ ಆಡದ ಮಾತು.

ಚಿಕ್ಕಪ್ಪ ಕುಳಿತು ಅದೇ ಮಿರ್ಚಿಯನ್ನು ಕೈಗೆತ್ತಿಕೊಂಡರು. ಒಳಗಿನ ಬಿಕ್ಕಳಿಕೆ ನಿಂತಿತು. ಹೂವಿನ ಬುಟ್ಟಿಯ ಮೇಲಿನ ಬಟ್ಟೆ ಸರಿಯಿತು. ಗಿರಿಜೆ ಕೆಂಪಾದ ಕಣ್ಣಲ್ಲೇ ಹೊರಬಂದು ಹಿರಿಯರಿಗೆಲ್ಲ ನಮಸ್ಕರಿಸಿದಳು. ನನ್ನ ಹತ್ತಿರ ಬಂದಾಗ ಮಾತ್ರ ಸ್ವಲ್ಪ ಅವಸರದಲ್ಲಿ ಮುಗಿಸಿದಳು. ನಾನು ಮರವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತೆ. ಅವಳಿಗೆ ಬೇಸರವಾಗಿದೆಯೇನೋ ಎಂದು ಮುಖ ನೋಡಲು ಧೈರ್ಯವಾಗಲಿಲ್ಲ.

"ಬಿಡಪ್ಪ" ಎಂದು ನನ್ನ ಮೊಣಕಾಲು ತಟ್ಟಿದಳು. "ಅರ್ಧ ಗಂಟೆನಾದ್ರೂ ನಂಗೊಬ್ಬ ಅಕ್ಕ ಇದ್ಲು."

ನಾನು ಅವತ್ತು ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಿರ್ಚಿ ಖಾರ ಎಂದು ಹೇಳಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ.

ಚನ್ನಗಿರಿಗೆ ವಾಪಸಾಗುವಾಗ ದಾರಿಯುದ್ದಕ್ಕೂ ಸರೋಜ ಮಾತಾಡಲಿಲ್ಲ. ಮನೆಗೆ ಬಂದಮೇಲಾದರೂ ಬೈಯುತ್ತಾಳೆ, ಬೈಸಿಕೊಂಡು ಹಗುರಾಗೋಣ ಎಂದು ಕಟ್ಟೆಯ ಮೇಲೆ ಸಿದ್ಧನಾಗಿ ಕುಳಿತೆ. ಅವಳು ಬೈಯಲಿಲ್ಲ. ಒಲೆ ಹಚ್ಚಿದಳು, ಅಡುಗೆ ಮಾಡಿದಳು, ತಟ್ಟೆ ಇಟ್ಟಳು. ಆಮೇಲೆ ಬಾಗಿಲಿಗೆ ಬಂದು, ಎದುರು ಮನೆಯವರಿಗೂ ಪಕ್ಕದ ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಕರೆದಳು.

"ಅಣ್ಣಾ, ಊಟಕ್ಕೆ ಬರ್ರಿ."

ಎದ್ದು ಒಳಗೆ ಹೋದೆ. ಹಾಗೆ ಕರೆಯಬೇಡ ಎನ್ನಲು ನನಗೆ ಮುಖವೆಲ್ಲಿತ್ತು? ದಾಖಲೆ ನನ್ನ ಕೈಬರಹದಲ್ಲೇ ಇತ್ತು.